ಪೂರಿಗಾಲಿಯಿಂದ ವೆನಿಸ್‌ಗೆ: ಬಸ್ಸಾ, ರೈಲಾ, ವಿಮಾನವಾ?

"ಇಲ್ಲಿ ಬಸ್ಸಲ್ಲಿ ಹೆಂಗಸ್ರೂ ದುಡ್ಡು ಕೊಡ್ಬೇಕೇನ್ಲಾ?"

ಮ್ಯೂನಿಕ್‌ನ ಹ್ಯಾಕರ್‌ಬ್ರೂಕೆ ಸೇತುವೆ ಪಕ್ಕದ ಬಸ್ ನಿಲ್ದಾಣದಲ್ಲಿ ನಿಂತು ಅವ್ವ ಕೇಳಿದ ಮೊದಲ ಪ್ರಶ್ನೆ ಇದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಅವ್ವ, ಚಿಕ್ಕವ್ವ ಇಬ್ಬರೂ ಆಧಾರ್ ಕಾರ್ಡ್ ತೋರಿಸಿ ಸರ್ಕಾರಿ ಬಸ್ಸಲ್ಲಿ ಮಳವಳ್ಳಿ, ಮೈಸೂರು ಅಂತ ಕಾಸಿಲ್ಲದೆ ಓಡಾಡಿದವರು. ಪ್ರಾಗ್‌ಗೆ ತಲೆಗೆ ಇಪ್ಪತ್ತು ಚಿಲ್ಲರೆ ಯೂರೋ ಅಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಅಪ್ಪ ಮಾತ್ರ ಏನೂ ಹೇಳಲಿಲ್ಲ. ಮನಸ್ಸಲ್ಲೇ ತೊಂಬತ್ತೈದರಿಂದ ಗುಣಿಸುತ್ತಿದ್ದರು ಅಂತ ನನಗೆ ಗೊತ್ತಿತ್ತು.

ಕಳೆದ ಬೇಸಿಗೆಯಲ್ಲಿ ಅಪ್ಪ, ಅವ್ವ, ಚಿಕ್ಕಪ್ಪ, ಚಿಕ್ಕವ್ವ ನಾಲ್ವರೂ ಆರು ವಾರಕ್ಕೆ ನಮ್ಮ ಮನೆಗೆ ಬಂದಿದ್ದರು. ನಾನು, ಹೆಂಡತಿ, ಐದು ವರ್ಷದ ಮಗಳು ಸೇರಿ ಒಟ್ಟು ಏಳು ಜನ. ಏಳು ಅನ್ನೋದು ಕಷ್ಟದ ಸಂಖ್ಯೆ. ಒಂದು ಕಾರಿಗೆ ಜಾಸ್ತಿ, ಒಂದು ಬಸ್ಸಿಗೆ ಕಮ್ಮಿ. ಒಂಬತ್ತು ಸೀಟಿನ ವ್ಯಾನನ್ನು ಇಲ್ಲಿ ಮಾಮೂಲಿ ಕಾರ್ ಲೈಸೆನ್ಸ್‌ನಲ್ಲೇ ಓಡಿಸಬಹುದು. ಆದರೆ ನನ್ನ ಹತ್ತಿರ ಇಲ್ಲಿನ ಲೈಸೆನ್ಸ್ ಇರಲಿಲ್ಲ. ಊರಿನ ಲೈಸೆನ್ಸ್ ಇಲ್ಲಿ ನೆಲೆಸಿದ ಮೊದಲ ಆರು ತಿಂಗಳಿಗಷ್ಟೇ ನಡೆಯುತ್ತದೆ. ಹಾಗಾಗಿ ಉಳಿದದ್ದು ಮೂರೇ ದಾರಿ: ಬಸ್ಸು, ರೈಲು, ಅಗ್ಗದ ವಿಮಾನ.

ಅಪ್ಪ ಅಮ್ಮನನ್ನ ಯುರೋಪಿಗೆ ಕರೆಸಿಕೊಳ್ಳಬೇಕು ಅಂತಿರುವ ಗೆಳೆಯರು ನನ್ನನ್ನ ಹೆಚ್ಚಾಗಿ ಕೇಳುವ ಪ್ರಶ್ನೆಯೂ ಇದೇ. ಅವರಿಗೆಲ್ಲ ಒಂದೇ ಸಲ ಉತ್ತರ ಹೇಳೋಣ ಅಂತ ಇದನ್ನ ಬರೀತಿದೀನಿ. ಉತ್ತರ ನನಗೂ ಸುಲಭವಾಗಿ ಸಿಗಲಿಲ್ಲ.

ರೈಲಿಲ್ಲದ ಊರಿನವರು

ಪೂರಿಗಾಲಿ ಮಳವಳ್ಳಿ ತಾಲ್ಲೂಕಿನ ಊರು. ನಮಗೆ ಕಾವೇರಿ ಹತ್ತಿರ, ತಲಕಾಡು ಹತ್ತಿರ, ಗಗನಚುಕ್ಕಿ ಹತ್ತಿರ. ರೈಲು ಮಾತ್ರ ದೂರ. ನಮ್ಮ ತಾಲ್ಲೂಕಿನಲ್ಲಿ ರೈಲ್ವೆ ಸ್ಟೇಷನ್ನೇ ಇಲ್ಲ. ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೇಲೆ ಚಾಮರಾಜನಗರಕ್ಕೆ ಹೋಗಬೇಕಾದ ಹಳಿಯ ಮಾತನ್ನ ನಾನು ಚಿಕ್ಕವನಾಗಿದ್ದಾಗಿನಿಂದ ಕೇಳ್ತಾ ಬಂದಿದೀನಿ. ರೈಲು ಹತ್ತಬೇಕಂದ್ರೆ ಮದ್ದೂರಿಗೋ ಮಂಡ್ಯಕ್ಕೋ ಹೋಗಬೇಕು. ಅದಕ್ಕೂ ಮೊದಲು ಬಸ್ಸೇ ಹತ್ತಬೇಕು.

ಹಾಗಾಗಿ ನಮ್ಮ ಮನೆಯಲ್ಲಿ ಪ್ರಯಾಣ ಅಂದ್ರೆ ಬಸ್ಸು. ಬೆಂಗಳೂರಿಗೆ ಹೋಗಬೇಕಾದರೆ ಮಳವಳ್ಳಿಯಲ್ಲಿ ಹತ್ತಿ ಹಲಗೂರು, ಕನಕಪುರದ ಮೇಲೆ. ಧರ್ಮಸ್ಥಳಕ್ಕೆ ಹೋಗಬೇಕಾದರೆ ಊರವರೆಲ್ಲ ಸೇರಿ ಬಾಡಿಗೆ ಬಸ್ಸು. ಆ ಬಸ್ಸಲ್ಲಿ ಚಿಕ್ಕಪ್ಪ ಡ್ರೈವರ್ ಹಿಂದೆಯೇ ಕೂರೋರು. ಯಾರಿಗೆ ಅರ್ಜೆಂಟ್ ಆದರೂ ಚಿಕ್ಕಪ್ಪನಿಗೆ ಹೇಳಿದರೆ ಸಾಕು, "ಪಕ್ಕಕ್ಕೆ ಹಾಕಪ್ಪ" ಅನ್ನೋರು, ಬಸ್ಸು ನಿಲ್ಲೋದು. ನನಗೆ ಗುಂಪು ಪ್ರಯಾಣ ಅಂದ್ರೆ ಕಣ್ಣ ಮುಂದೆ ಬರೋದು ಇವತ್ತಿಗೂ ಅದೇ ಬಸ್ಸು.

ಯುರೋಪಿನ ಬಸ್ಸು ಆ ಬಸ್ಸಲ್ಲ ಅನ್ನೋದು ಅರ್ಥವಾಗಲು ನನಗೆ ಪ್ರಾಗ್‌ಗೆ ಹೋಗಿಬರಬೇಕಾಯಿತು.

ಕಾಗದದ ಮೇಲೆ ಬಸ್ಸೇ ಸರಿ

ಮ್ಯೂನಿಕ್‌ನಿಂದ ಪ್ರಾಗ್‌ಗೆ ಬಸ್ಸಿನಲ್ಲಿ ಸುಮಾರು ಐದು ಗಂಟೆ. ರೈಲಿನಲ್ಲಿ ಆರು ಗಂಟೆಯ ಹತ್ತಿರ. ಬಸ್ಸು ಅಗ್ಗ, ಬೇಗ, ನೇರ. ಲಗೇಜ್ ಕೆಳಗೆ ಹಾಕಿದರೆ ಮುಗೀತು, ಎಲ್ಲೂ ಬದಲಿಸೋ ಗೋಜಿಲ್ಲ. ಯಾರೇ ಲೆಕ್ಕ ಹಾಕಿದರೂ ಬಸ್ಸೇ ಗೆಲ್ಲುತ್ತದೆ. ನಾನೂ ಬಸ್ಸೇ ಬುಕ್ ಮಾಡಿದೆ.

ಹೋಗುವಾಗ ಎಲ್ಲ ಚೆನ್ನಾಗಿತ್ತು. ಅವ್ವ ಕಟ್ಟಿಕೊಂಡಿದ್ದ ಪುಳಿಯೋಗರೆ ಖಾಲಿ ಆಯಿತು. ಗಡಿಯಲ್ಲಿ ಬಸ್ಸು ನಿಲ್ಲಿಸಿದರೆ ತೋರಿಸಬೇಕಲ್ಲ ಅಂತ ಚಿಕ್ಕಪ್ಪ ಪಾಸ್‌ಪೋರ್ಟನ್ನು ದಾರಿಯುದ್ದಕ್ಕೂ ಅಂಗಿ ಜೇಬಿನಲ್ಲೇ ಇಟ್ಟುಕೊಂಡಿದ್ದರು. ಪ್ರಾಗ್‌ನಲ್ಲಿ 1410ರ ಗಡಿಯಾರ ನೋಡಿದೆವು, ಸೇತುವೆ ಮೇಲೆ ನಡೆದೆವು, ಫೋಟೊ ತೆಗೆದೆವು. ಎಲ್ಲರೂ ಮಾಡುವುದನ್ನೇ ಮಾಡಿದೆವು.

ಕೆಟ್ಟದ್ದು ವಾಪಸ್ ಬರುವಾಗ. ಹೊರಟ ಅರ್ಧ ಗಂಟೆಗೇ ಬಸ್ಸಿನ ಟಾಯ್ಲೆಟ್ ಕೆಟ್ಟಿದೆ ಅಂತ ಡ್ರೈವರ್ ಬೀಗ ಹಾಕಿದ. ಮುಂದೆ ಒಂದು ಕಡೆ ನಿಲ್ಲಿಸ್ತೀನಿ ಅಂದ. ಯುರೋಪಿನ ನಿಯಮದ ಪ್ರಕಾರ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ವಿರಾಮ ತಗೋಳೇಬೇಕು. ಒಳ್ಳೆಯ ನಿಯಮವೇ. ಆದರೆ ಅದು ಡ್ರೈವರನ ಹೊತ್ತಿಗೆ ನಿಲ್ಲುವ ಬಸ್ಸು, ಪ್ರಯಾಣಿಕನ ಹೊತ್ತಿಗಲ್ಲ. ಇಲ್ಲಿ ಡ್ರೈವರ್ ಹಿಂದೆ ಕೂತು "ಪಕ್ಕಕ್ಕೆ ಹಾಕಪ್ಪ" ಅನ್ನುವ ಚಿಕ್ಕಪ್ಪ ಇಲ್ಲ. ಇದ್ದರೂ ಹೆದ್ದಾರಿಯಲ್ಲಿ ಪಕ್ಕಕ್ಕೆ ಹಾಕುವ ಹಾಗಿಲ್ಲ.

ಜರ್ಮನಿಯೊಳಗೆ ಒಂದು ಪೆಟ್ರೋಲ್ ಬಂಕ್ ಹತ್ತಿರ ಬಸ್ಸು ನಿಂತಿತು. ಎಲ್ಲರೂ ಇಳಿದೆವು. ಶೌಚಾಲಯದ ಬಾಗಿಲಲ್ಲಿ ಗೇಟು, 1 ಯೂರೋ ಹಾಕಿದರೆ ತೆರೆಯುತ್ತದೆ. ಅಪ್ಪ ಗೇಟಿನವರೆಗೆ ಹೋಗಿ ವಾಪಸ್ ಬಂದರು.

"ಯಾಕಪ್ಪ?"

"ಬ್ಯಾಡ ಬುಡು. ಅಂಥಾ ಅರ್ಜೆಂಟೇನಿಲ್ಲ."

ನಾನು ನಂಬಿದೆ. ಕಾಫಿ ತರಲು ಹೋದೆ. ತಿರುಗಿ ಬರುವಷ್ಟರಲ್ಲಿ ಅಪ್ಪ ಬಸ್ಸಿನ ಮೆಟ್ಟಿಲ ಹತ್ತಿರ ಕಂಬಿ ಹಿಡಿದುಕೊಂಡು ನೆಲಕ್ಕೆ ಕುಸಿಯುತ್ತಿದ್ದರು. ಚಿಕ್ಕಪ್ಪ ಹಿಡಿದುಕೊಂಡರು. ಮುಖ ಬಿಳಿಚಿಕೊಂಡಿತ್ತು, ತುಟಿ ಒಣಗಿತ್ತು.

ಆಗ ಅವ್ವ ನನ್ನನ್ನ ಪಕ್ಕಕ್ಕೆ ಕರೆದು ಹೇಳಿದರು: "ನಿಮ್ಮಪ್ಪ ನೆನ್ನೆ ರಾತ್ರಿಯಿಂದ ನೀರೇ ಕುಡ್ದಿಲ್ಲ ಕಣಪ್ಪ. ಬಿಪಿ ಮಾತ್ರೆನೂ ತಗಂಡಿಲ್ಲ. ಅದು ತಗಂಡ್ರೆ ಪದೇ ಪದೇ ಹೋಗ್ಬೇಕಾಯ್ತದಂತೆ. ಬಸ್ಸಲ್ಲಿ ಸೊಸೆ ಮುಂದೆ ಹೆಂಗ್ ಎದ್ದು ಎದ್ದು ಹೋಗೋದು ಅಂತ."

ಗೇಟಿನಿಂದ ವಾಪಸ್ ಬಂದದ್ದು ಯಾಕೆ ಅಂತಲೂ ಆಮೇಲೆ ಗೊತ್ತಾಯಿತು. "ಒಂದ್ ಸಲ ಹೋಗಕ್ಕೆ ತೊಂಬತ್ತೈದು ರೂಪಾಯಾ?" ಅಂದಿದ್ದರಂತೆ.

ನೀರು ಕುಡಿಸಿ, ಸ್ವಲ್ಪ ಹೊತ್ತು ಮಲಗಿಸಿ, ಬಾಳೆಹಣ್ಣು ತಿನ್ನಿಸಿದ ಮೇಲೆ ಸುಧಾರಿಸಿಕೊಂಡರು. ಮ್ಯೂನಿಕ್ ತಲುಪಿದ ತಕ್ಷಣ ಡಾಕ್ಟರಿಗೆ ತೋರಿಸಿದೆವು. ದೇಹದಲ್ಲಿ ನೀರು ಕಮ್ಮಿಯಾಗಿದೆ, ಮಾತ್ರೆ ತಪ್ಪಿಸಬಾರದು ಅಂದರು. ಅಷ್ಟರಲ್ಲೇ ಮುಗಿಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕಂದ್ರೆ ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬೆಂಗಳೂರಿಗೆ ಹೋಗುವ ದಿನ ಅವ್ವ ಬೆಳಿಗ್ಗೆಯಿಂದ ಕಾಫಿ ಕೂಡ ಕುಡಿಯುತ್ತಿರಲಿಲ್ಲ. ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಎಷ್ಟೋ ಹೆಂಗಸರು ಹಾಗೇ. ಅದನ್ನೆಲ್ಲ ನೋಡುತ್ತಲೇ ಬೆಳೆದವನು ನಾನು. ಇಲ್ಲಿಗೆ ಬಂದು ಹತ್ತು ವರ್ಷಕ್ಕೆ ಮರೆತುಬಿಟ್ಟಿದ್ದೆ. ಟಿಕೆಟ್ ಹುಡುಕುವಾಗ ರೇಟು ನೋಡಿದ್ದೆ, ಸಮಯ ನೋಡಿದ್ದೆ, ಸೀಟಿನ ಕೆಳಗೆ ಚಾರ್ಜಿಂಗ್ ಪಾಯಿಂಟ್ ಇದೆಯಾ ಅಂತಲೂ ನೋಡಿದ್ದೆ.

ಎಕ್ಸೆಲ್‌ನಲ್ಲಿ ನಾಲ್ಕನೇ ಕಾಲಂ

ಹತ್ತು ದಿನದ ನಂತರ ವೆನಿಸ್‌ಗೆ ಹೋಗುವುದಿತ್ತು. ಹೋಟೆಲ್ ಆಗಲೇ ಬುಕ್ ಆಗಿತ್ತು. ಎಕ್ಸೆಲ್ ತೆಗೆದು ಮೂರು ಸಾಲು ಬರೆದೆ. ಆ ದಿನದ ರೇಟುಗಳು ಹೀಗಿದ್ದವು.

ಬಸ್ಸು: ತಲೆಗೆ 34 ಯೂರೋ, ಏಳು ಜನಕ್ಕೆ 238. ರಾತ್ರಿ ಪ್ರಯಾಣ, ಒಂಬತ್ತು ಗಂಟೆ.

ರೈಲು: ದೊಡ್ಡವರಿಗೆ 60 ಯೂರೋ, ಆರು ಜನಕ್ಕೆ 360. ಆರು ವರ್ಷದ ಒಳಗಿನ ಮಗುವಿಗೆ ಟಿಕೆಟ್ ಬೇಡ. ಸೀಟು ಕಾಯ್ದಿರಿಸಲು ಇನ್ನೊಂದು 30. ಒಟ್ಟು 390. ಹಗಲು ಪ್ರಯಾಣ, ನೇರ ರೈಲು, ಸುಮಾರು ಏಳು ಗಂಟೆ.

ವಿಮಾನ: ತಲೆಗೆ 29 ಯೂರೋ! ಏಳು ಜನಕ್ಕೆ 203. ಬಸ್ಸಿಗಿಂತ ಅಗ್ಗ, ಹಾರಾಟ ಒಂದೇ ಗಂಟೆ.

ಇಲ್ಲೇ ಬಹಳ ಜನ ಬೀಳುವುದು. 29 ಯೂರೋಗೆ ಸಿಗುವುದು ಒಂದು ಸೀಟು, ಅದರ ಕೆಳಗೆ ಹಿಡಿಸುವ ಒಂದು ಸಣ್ಣ ಬ್ಯಾಗು, ಅಷ್ಟೇ. ನಾಲ್ಕು ಬ್ಯಾಗಿಗೆ 100 ಯೂರೋ ಸೇರಿತು. ಅವ್ವನಿಗೂ ಅಪ್ಪನಿಗೂ ಬೇರೆ ಬೇರೆ ಕಡೆ ಸೀಟು ಬರಬಾರದು ಅಂದರೆ ಮತ್ತೆ 56. ಇನ್ನು ಅಗ್ಗದ ವಿಮಾನ ಹೊರಡುವುದು ಊರಾಚೆಯ ಏರ್‌ಪೋರ್ಟಿನಿಂದ. ಮ್ಯೂನಿಕ್ ಹೆಸರು ಸೇರಿಸಿಕೊಂಡ ಮೆಮ್ಮಿಂಗನ್ ಏರ್‌ಪೋರ್ಟ್ ಮ್ಯೂನಿಕ್‌ನಿಂದ ಸುಮಾರು 110 ಕಿ.ಮೀ. ಪ್ಯಾರಿಸ್ ಹೆಸರಿನ ಬೋವೆ ಪ್ಯಾರಿಸ್‌ನಿಂದ ಸುಮಾರು 85 ಕಿ.ಮೀ. ಫ್ರಾಂಕ್‌ಫರ್ಟ್ ಹೆಸರಿನ ಹಾನ್ 120 ಕಿ.ಮೀ. ಮಳವಳ್ಳಿಯಲ್ಲಿ ಏರ್‌ಪೋರ್ಟ್ ಕಟ್ಟಿ ಬೆಂಗಳೂರು ಅಂತ ಬೋರ್ಡ್ ಹಾಕಿದ ಹಾಗೆ. ಈ ಕಡೆ ಏರ್‌ಪೋರ್ಟಿಗೆ 90 ಯೂರೋ, ಆ ಕಡೆಯಿಂದ ಊರೊಳಕ್ಕೆ 72. ಎಲ್ಲ ಕೂಡಿದರೆ 521.

ಒಂದು ಗಂಟೆಯ ಹಾರಾಟಕ್ಕೆ ಬೆಳಗಿನ ಜಾವ ಮೂರೂವರೆಗೆ ಮನೆ ಬಿಟ್ಟು ಹನ್ನೊಂದೂವರೆಗೆ ಹೋಟೆಲ್ ಸೇರಬೇಕಿತ್ತು. ಎಂಟು ಗಂಟೆ. ರೈಲಿಗೂ ಅಷ್ಟೇ ಬೇಕು. ಜೊತೆಗೆ ಕೆಲವು ಅಗ್ಗದ ವಿಮಾನಗಳಲ್ಲಿ ನಮ್ಮಂಥ ಪಾಸ್‌ಪೋರ್ಟಿನವರು ಸೆಕ್ಯುರಿಟಿಗೆ ಮೊದಲೇ ಕೌಂಟರಿಗೆ ಹೋಗಿ ವೀಸಾ ತೋರಿಸಿಕೊಂಡು ಬರಬೇಕು. ಅವ್ವನ ಮಾವಿನಕಾಯಿ ಉಪ್ಪಿನಕಾಯಿ ಬಾಟ್ಲಿ 100 ಮಿ.ಲೀ. ದಾಟಿದರೆ ಅಲ್ಲೇ ಬಿಟ್ಟು ಬರಬೇಕು. ರೈಲಿನಲ್ಲಿ ಉಪ್ಪಿನಕಾಯಿಗೆ ಯಾವ ಕಾನೂನೂ ಇಲ್ಲ.

ವಿಮಾನ ಬಿಟ್ಟೆ. ಉಳಿದದ್ದು ಬಸ್ಸು ಮತ್ತು ರೈಲು. ವ್ಯತ್ಯಾಸ 152 ಯೂರೋ. ಊರಿನ ಲೆಕ್ಕದಲ್ಲಿ ಹದಿನಾಲ್ಕು ಸಾವಿರ ಚಿಲ್ಲರೆ. ವೀಸಾ ಫೀಸೇ ತಲೆಗೆ 90 ಯೂರೋ, ಅದರ ಮೇಲೆ 30,000 ಯೂರೋವರೆಗಿನ ಆಸ್ಪತ್ರೆ ಖರ್ಚಿಗೆ ಕಡ್ಡಾಯ ಇನ್ಶೂರೆನ್ಸ್, ಬೆಂಗಳೂರಿನಿಂದ ನಾಲ್ಕು ಟಿಕೆಟ್. ಇದೆಲ್ಲ ಆದ ಮೇಲೆ ಉಳಿದ ಪ್ರತಿ ಯೂರೋವೂ ಎಣಿಸಿ ಇಟ್ಟಿದ್ದು. ನಿಜ ಹೇಳ್ತೀನಿ, ಪ್ರಾಗ್‌ನಲ್ಲಿ ಅಷ್ಟೆಲ್ಲ ಆದ ಮೇಲೂ ನನ್ನ ಕೈ ಬಸ್ಸಿನ ಕಡೆಗೇ ಹೋಗ್ತಿತ್ತು. ರಾತ್ರಿ ಬಸ್ಸು, ಮಲಗಿಬಿಡ್ತಾರೆ ಅಂತ ನನಗೆ ನಾನೇ ಹೇಳಿಕೊಳ್ತಿದ್ದೆ.

ಹೆಂಡತಿ ಬಂದು ಪಕ್ಕ ಕೂತಳು. ರೇಟು, ಸಮಯ, ಲಗೇಜು ಅಂತ ಮೂರು ಕಾಲಂ ಇದ್ದವು. "ರೀ, ಇನ್ನೊಂದು ಹಾಕಿ" ಅಂದಳು. "ಮಾವ ಯಾರನ್ನೂ ಕೇಳದೆ ಎಷ್ಟು ಸಲ ಎದ್ದು ಹೋಗಬಹುದು?"

ಬಸ್ಸಿನ ಮುಂದೆ ಸೊನ್ನೆ ಬರೆದೆ. ವಿಮಾನದ ಮುಂದೆ ಒಂದು. ರೈಲಿನ ಮುಂದೆ ಏನೂ ಬರೆಯಬೇಕಾಗಲಿಲ್ಲ. ಟಿಕೆಟ್ ಬುಕ್ ಮಾಡಿದೆ.

ಅಪ್ಪ ಬಿಡಲಿಲ್ಲ. "ರೈಲಿಗೆ ಜಾಸ್ತಿ ಆಯ್ತದೆ ಅಂತಿದ್ಯಲ್ಲೋ?"

"ಇಲ್ಲಪ್ಪ, ಪಾಪುಗೆ ರೈಲಲ್ಲಿ ಟಿಕೆಟ್ ಇಲ್ಲ. ಅದಕ್ಕೆ ರೈಲೇ ಅಗ್ಗ."

ಅರ್ಧ ನಿಜ, ಅರ್ಧ ಸುಳ್ಳು.

ಬ್ರೆನ್ನರ್ ದಾಟಿದ ಮೇಲೆ

ಮ್ಯೂನಿಕ್‌ನಿಂದ ವೆನಿಸ್‌ಗೆ ಹೋಗುವ ರೈಲು ಆಸ್ಟ್ರಿಯಾದ ಇನ್ಸ್‌ಬ್ರುಕ್ ಮುಟ್ಟಿ, ಆಲ್ಪ್ಸ್ ಹತ್ತಿ, ಬ್ರೆನ್ನರ್ ಕಣಿವೆ ದಾಟಿ ಇಟಲಿಗೆ ಇಳಿಯುತ್ತದೆ. 1867ರಲ್ಲಿ ಶುರುವಾದ ಹಳಿ ಅದು. ಸುಮಾರು 1,370 ಮೀಟರ್ ಎತ್ತರಕ್ಕೆ ಏರಬೇಕಾದ್ದರಿಂದ ರೈಲು ನಿಧಾನ. ಬೆಟ್ಟದ ಕೆಳಗೆ 55 ಕಿ.ಮೀ. ಉದ್ದದ ಹೊಸ ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿದರೆ ಪ್ರಯಾಣ ಬೇಗ ಆಗುತ್ತದೆ, ಆದರೆ ನೋಟ ಹೋಗುತ್ತದೆ. ಹಾಗಾಗಿ ಈಗಲೇ ಹೋಗಿಬನ್ನಿ. ಕಿಟಕಿ ಪಕ್ಕ ಕೂತ ಚಿಕ್ಕಪ್ಪ ಸಕಲೇಶಪುರ ಘಾಟಿಗೂ ಇದಕ್ಕೂ ಹೋಲಿಸುತ್ತಲೇ ಇದ್ದರು. ಸಕಲೇಶಪುರವೇ ಗೆದ್ದಿತು.

ಅಪ್ಪ ಹೊರಡುವ ಮೊದಲು ಮಾತ್ರೆ ತಗೊಂಡರು. ಚಹಾ ಕುಡಿದರು. ಒಂದು ಬಾಟ್ಲಿ ನೀರು ಖಾಲಿ ಮಾಡಿದರು. ಇನ್ಸ್‌ಬ್ರುಕ್ ಬರುವಷ್ಟರಲ್ಲಿ ಎರಡು ಸಲ ಎದ್ದು ಹೋಗಿ ಬಂದರು. ಯಾರೂ ತಿರುಗಿ ನೋಡಲಿಲ್ಲ. ರೈಲಿನಲ್ಲಿ ಎದ್ದು ಓಡಾಡುವವನು ಯಾಕೆ ಎದ್ದ ಅಂತ ಯಾರೂ ಕೇಳುವುದಿಲ್ಲ. ಮೂರನೇ ಸಲ ಮೊಮ್ಮಗಳ ಕೈ ಹಿಡಿದು ಇಡೀ ರೈಲು ಸುತ್ತಿಸಿಕೊಂಡು ಬಂದರು.

ಬೊಲ್ಝಾನೊ ಬಿಟ್ಟ ಮೇಲೆ ಹಳಿಯ ಎರಡೂ ಕಡೆ ಸೇಬಿನ ತೋಟ. ಸಾಲು ಸಾಲು ಗಿಡ, ತಂತಿಗೆ ಕಟ್ಟಿದ ಕಪ್ಪು ಪೈಪು. ರೈಲು ನಿಧಾನವಾದಾಗ ಅಪ್ಪ ಕಿಟಕಿಗೆ ಮುಖ ಒತ್ತಿ ನೋಡಿದರು.

"ಡ್ರಿಪ್ಪು ಕಣ್ಲಾ ಇದು! ನಮ್ಮೂರ ಕಡೆ ಮಾಡೋದು ಇದ್ನೇ ಅಲ್ವಾ?"

ಕಾವೇರಿ ನೀರನ್ನ ಪೈಪಿನಲ್ಲಿ ಹೊಲಕ್ಕೆ ತರುವ ಹನಿ-ತುಂತುರು ನೀರಾವರಿ ಯೋಜನೆಗೆ ನಮ್ಮೂರಿನದೇ ಹೆಸರು, ಪೂರಿಗಾಲಿ ಯೋಜನೆ. ಅಲ್ಲಿಂದ ವೆರೋನಾವರೆಗೂ ಅಪ್ಪ, ಚಿಕ್ಕಪ್ಪ ಪೈಪಿನ ಸೈಜು, ಗಿಡದ ಅಂತರ, ಎಕರೆಗೆ ಎಷ್ಟು ಗಿಡ ಅಂತ ಮಾತಾಡುತ್ತಲೇ ಇದ್ದರು. ಯುರೋಪಿಗೆ ಬಂದ ಮೇಲೆ ಅಪ್ಪ ಅಷ್ಟು ಹೊತ್ತು ಮಾತಾಡಿದ್ದನ್ನ ನಾನು ನೋಡಿದ್ದು ಅದೇ ಮೊದಲು. ವಿಮಾನದಲ್ಲಿ ಹೋಗಿದ್ದರೆ ಮೋಡ ನೋಡುತ್ತಿದ್ದರು. ರಾತ್ರಿ ಬಸ್ಸಲ್ಲಿ ಹೋಗಿದ್ದರೆ ಕತ್ತಲೆ.

ಮಧ್ಯೆ ಒಂದು ಸಲ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಅಗ್ಗ ಅಂದ್ಯಲ್ಲ, ಸುಳ್ಳು ತಾನೆ?"

ನಾನು ಉತ್ತರ ಕೊಡಲಿಲ್ಲ.

"ಇರ್ಲಿ ಬುಡ್ಲಾ" ಅಂದರು. ಮತ್ತೆ ಕಿಟಕಿ ಕಡೆ ತಿರುಗಿದರು.

ಕೊನೆಗೆ ರೈಲು ಸಮುದ್ರದ ಮೇಲಿನ ಸೇತುವೆ ಹತ್ತಿತು. ಎರಡೂ ಕಡೆ ನೀರು. ಸಾಂತಾ ಲೂಚಿಯಾ ಸ್ಟೇಷನ್ನಿನಿಂದ ಹೊರಗೆ ಬಂದರೆ ರಸ್ತೆಯೇ ಇಲ್ಲ, ಮೆಟ್ಟಿಲ ಕೆಳಗೇ ದೊಡ್ಡ ಕಾಲುವೆ, ದೋಣಿಗಳು. ಎಲ್ಲರೂ ಹಾಗೇ ನಿಂತುಬಿಟ್ಟೆವು. ಚಿಕ್ಕಪ್ಪ ಮೊದಲು ಮಾತಾಡಿದರು: "ನಮ್ ತಲಕಾಡು ಮಳ್ಳಲ್ಲಿ ಮುಳುಗ್ತು, ಇದು ನೀರಲ್ಲಿ ಮುಳುಗ್ತಾ ಅದೆ."

ಹೋಗುವವರಿಗೆ ನಾಲ್ಕು ಮಾತು

ಹಿರಿಯರ ಜೊತೆ ಹೋಗುವವರಿಗೆ ನನ್ನ ಲೆಕ್ಕ ಇಷ್ಟು.

ಮೂರು-ನಾಲ್ಕು ಗಂಟೆಯ ನೇರ ದಾರಿಗೆ ಬಸ್ಸು ಸಾಕು. ಟಾಯ್ಲೆಟ್ ಹತ್ತಿರದ ಸೀಟು ಹಿಡಿಯಿರಿ. ಚಿಲ್ಲರೆ ಯೂರೋಗಳನ್ನು ಅವರ ಜೇಬಿಗೇ ಹಾಕಿ, ನಿಮ್ಮನ್ನ ಕೇಳುವ ಹಾಗಿರಬಾರದು.

ಎಂಟು ಗಂಟೆಯವರೆಗಿನ ಹಗಲು ದಾರಿಗೆ ರೈಲು. ಬೇಗ ಬುಕ್ ಮಾಡಿದಷ್ಟೂ ಅಗ್ಗ. ಜರ್ಮನಿಯಲ್ಲಿ ಹತ್ತಿರದ ಊರುಗಳಿಗೆ ಬವೇರಿಯಾ ಟಿಕೆಟ್ ಇದೆ. ಒಂದೇ ಟಿಕೆಟ್‌ನಲ್ಲಿ ಐದು ಜನ ದಿನವಿಡೀ ಲೋಕಲ್ ರೈಲುಗಳಲ್ಲಿ ಓಡಾಡಬಹುದು. ವಾರದ ದಿನ ಬೆಳಿಗ್ಗೆ 9ರ ಮೇಲೆ ಮಾತ್ರ. ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ವರೆಗೂ ನಡೆಯುತ್ತದೆ. ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದುಡ್ಡಿನ ಕಾಲು ಭಾಗ, ಎರಡು ಗಂಟೆ ತಡವಾದರೆ ಅರ್ಧ ವಾಪಸ್ ಕೇಳಬಹುದು.

ಅದಕ್ಕೂ ದೂರವಾದರೆ ವಿಮಾನವೇ ಸರಿ. ಆದರೆ ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿನವರೆಗೆ ಲೆಕ್ಕ ಹಾಕಿ. ಮಂಡಿ ನೋವಿದ್ದರೆ ವೀಲ್‌ಚೇರ್ ಕೇಳಲು ನಾಚಿಕೆ ಬೇಡ, 48 ಗಂಟೆ ಮೊದಲೇ ತಿಳಿಸಿದರೆ ದುಡ್ಡಿಲ್ಲದೆ ಕೊಡುತ್ತಾರೆ. ಯಾವುದರಲ್ಲೇ ಹೋದರೂ ಪಾಸ್‌ಪೋರ್ಟ್ ಕೈಯಲ್ಲಿರಲಿ. ಷೆಂಗೆನ್ ಒಳಗೂ ಈಗ ಗಡಿಗಳಲ್ಲಿ ತಪಾಸಣೆ ಇದೆ.

ಕೊನೆಯದು ಮುಖ್ಯ. ಹೊರಡುವ ಹಿಂದಿನ ದಿನ ಅಪ್ಪ ಅಮ್ಮ ನೀರು ಕುಡಿದರಾ ಅಂತ ನೋಡಿ. ಕೇಳಿದರೆ ಹೇಳೋದಿಲ್ಲ. ಲೋಟ ತಂದು ಕೈಗೆ ಕೊಡಿ.

ಮೊನ್ನೆ ಭಾನುವಾರ ಊರಿಗೆ ಫೋನ್ ಮಾಡಿದ್ದೆ. ಪೂರಿಗಾಲಿಯಿಂದ ಇಪ್ಪತ್ತು ಜನ ಕಾಶಿಗೆ ಹೊರಡುವ ಮಾತು ನಡೀತಿದೆಯಂತೆ. ಒಬ್ಬರು ಬಸ್ ಮಾಡೋಣ ಅಂದರಂತೆ, ಹುಡುಗರು ವಿಮಾನ ಅಂದರಂತೆ. 2022ರ ನವೆಂಬರಿನಲ್ಲಿ ಶುರುವಾದ ಕಾಶಿ ದರ್ಶನ ರೈಲಿಗೆ ಸರ್ಕಾರದ ಸಹಾಯಧನವೂ ಇದೆ. ಅದನ್ನೇ ವಿಚಾರಿಸಿ ಅಂತ ಅಪ್ಪ ಪಟ್ಟು ಹಿಡಿದಿದ್ದಾರಂತೆ.

"ಎಲ್ಲಾ ಅರವತ್ತು ದಾಟ್ದೋರು ಕಣ್ಲಾ. ಬಸ್ಸಲ್ಲಿ ಹೋದ್ರೆ ಕಾಶಿ ತಕ ಯಾರೂ ನೀರ್ ಕುಡಿಯಕಿಲ್ಲ. ಅದ್ಕೆ ರೈಲೇ ಆಗ್ಲಿ ಅಂದೆ" ಅಂದರು.